ಹೊರಗಿನ ಸ್ಟೀರಿಯೋ ಹಾಕಿಸಿದರೆ ವಾರಂಟಿ ಹೋಯಿತೇ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಾರಿಗೆ ಹೊರಗಡೆ ಏನಾದರೂ ಹಾಕಿಸಿದ ಮೇಲೆ ಕಂಪನಿಯ ವಾರಂಟಿ ಉಳಿಯುತ್ತದೆಯೇ ಎಂದು ಕೇಳಿ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪತ್ರಗಳನ್ನು ಚಿಕ್ಕದಾಗಿಸಿದ್ದೇವೆ. ಬರೆದವರ ಹೆಸರು, ಶೋರೂಮಿನ ಹೆಸರು ಬಿಟ್ಟು ಊರನ್ನು ಮಾತ್ರ ಉಳಿಸಿದ್ದೇವೆ.

ಕಾರು ಕೊಂಡು 14 ತಿಂಗಳು. ಬೇಸ್ ಮಾಡೆಲ್ ಆದ್ದರಿಂದ ಹೊರಗಡೆ ಟಚ್‌ಸ್ಕ್ರೀನ್ ಸ್ಟೀರಿಯೋ, ರಿವರ್ಸ್ ಕ್ಯಾಮೆರಾ ಹಾಕಿಸಿದೆ. ಈಗ ಎಸಿ ಕಂಪ್ರೆಸರ್ ಕೆಟ್ಟಿದೆ. "ಹೊರಗಿನ ವೈರಿಂಗ್ ಆಗಿದೆ, ಇಡೀ ಕಾರಿನ ವಾರಂಟಿಯೇ ರದ್ದು" ಎನ್ನುತ್ತಾರೆ ಸರ್ವೀಸ್ ಅಡ್ವೈಸರ್. ನಿಜವೇ?
ಹಾಸನ

ಬಾಯಿಮಾತಿಗೆ ಒಪ್ಪಿಕೊಂಡು ಬರಬೇಡಿ. ಮೊದಲು ವಾರಂಟಿ ಪುಸ್ತಕ ತೆಗೆದು, ಯಾವುದಕ್ಕೆ ವಾರಂಟಿ ಇಲ್ಲ ಎಂದು ಪಟ್ಟಿ ಮಾಡಿರುವ ಪುಟ ಓದಿ. ಅಲ್ಲಿ ಎರಡು ಬಗೆಯ ವಾಕ್ಯಗಳಿರುತ್ತವೆ. ಒಂದು, "ಬದಲಾವಣೆಯಿಂದ ಉಂಟಾದ ದೋಷಕ್ಕೆ ವಾರಂಟಿ ಇಲ್ಲ" ಎನ್ನುವುದು. ಇನ್ನೊಂದು, "ಬದಲಾವಣೆ ಮಾಡಿದ ವಾಹನಕ್ಕೆ ವಾರಂಟಿ ಇಲ್ಲ" ಎನ್ನುವುದು. ಮೊದಲನೆಯದಾದರೆ ನಿಮ್ಮ ದಾರಿ ಸಲೀಸು. ಎರಡನೆಯದಾದರೂ ಪೂರ್ತಿ ಕೈಚೆಲ್ಲಬೇಕಿಲ್ಲ. ಸ್ಟೀರಿಯೋಗೂ ಕಂಪ್ರೆಸರಿಗೂ ಏನು ಸಂಬಂಧ ಎಂಬ ಪ್ರಶ್ನೆಗೆ ಅವರು ಉತ್ತರ ಕೊಡಬೇಕು.

ಕಂಪ್ರೆಸರ್ ಕ್ಲಚ್‌ಗೆ ಅದರದ್ದೇ ಫ್ಯೂಸು, ಅದರದ್ದೇ ರಿಲೇ. ಸ್ಟೀರಿಯೋ ಬೇರೆ ಫ್ಯೂಸಿನ ಮೇಲಿದೆ. ಗ್ಯಾಸ್ ಸೋರಿಕೆಯೋ ಬೇರಿಂಗ್ ಸವೆತವೋ ಆಗಿದ್ದರೆ ಅದಕ್ಕೆ ಸ್ಟೀರಿಯೋ ಕಾರಣವಾಗಲು ಸಾಧ್ಯವೇ ಇಲ್ಲ. ಆದರೆ ಅಂಗಡಿಯವನು ಕರೆಂಟು ಎಲ್ಲಿಂದ ತೆಗೆದ ಎಂಬುದನ್ನು ನೀವು ನೋಡಲೇಬೇಕು. ಸ್ಟೀರಿಯೋದ ಸುತ್ತಲಿನ ಪಟ್ಟಿ ಬಿಚ್ಚಿಸಿ ಹಿಂದೆ ಕಣ್ಣಾಡಿಸಿ. ಕಾರಿನ ಮೂಲ ಕಪ್ಲರ್‌ಗೆ (ವೈರು ಜೋಡಿಸುವ ಸಾಕೆಟ್ಟಿಗೆ) ಅಡಾಪ್ಟರ್ ಕಪ್ಲರ್ ಸಿಕ್ಕಿಸಿದ್ದರೆ ಸರಿ, ಫೋಟೋ ತೆಗೆದಿಟ್ಟುಕೊಳ್ಳಿ. ಮೂಲ ವೈರನ್ನು ಕತ್ತರಿಸಿ, ತಿರುಚಿ, ಮೇಲೆ ಕಪ್ಪು ಟೇಪು ಸುತ್ತಿದ್ದರೆ, ಅದರಲ್ಲೂ ಎಸಿ ಬ್ಲೋವರ್ ವೈರಿಗೆ ಗಂಟು ಹಾಕಿದ್ದರೆ, ಶೋರೂಮಿನವರ ಮಾತಿಗೆ ಬಲ ಬರುತ್ತದೆ.

ಜೊತೆಗೆ ಬ್ಯಾಟರಿಯಿಂದ ಸದ್ದಿಲ್ಲದೆ ಹರಿದುಹೋಗುವ ಕರೆಂಟನ್ನೂ ಅಳೆಸಿ. ಇಗ್ನಿಷನ್ ಆಫ್ ಮಾಡಿ, ಕಾರು ಲಾಕ್ ಮಾಡಿ, ಅರ್ಧ ಗಂಟೆ ಬಿಡಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಡಿಸಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಇಡಿ. ಕೇಬಲ್ ಬಿಡಿಸುವಾಗ ಎಚ್ಚೆತ್ತ ಕಾರಿನ ಎಲೆಕ್ಟ್ರಾನಿಕ್ ಮಾಡ್ಯೂಲುಗಳು ಮತ್ತೆ ಮಲಗಲು ಕೆಲವು ನಿಮಿಷ ಬೇಕು, ಆಮೇಲಿನ ಅಂಕಿಯೇ ಲೆಕ್ಕಕ್ಕೆ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. 300 ಇದ್ದರೆ ದಿನಕ್ಕೆ 7.2 ಆಂಪಿಯರ್ ಅವರ್ ಹೋಗುತ್ತದೆ. 35 ಆಂಪಿಯರ್ ಅವರ್ ಬ್ಯಾಟರಿಯ ಕಾರನ್ನು ಮೂರು ದಿನ ನಿಲ್ಲಿಸಿದರೆ ಸೆಲ್ಫ್ ಹೊಡೆಯುವುದಿಲ್ಲ. ಮೀಟರ್ ಇರುವಾಗ ಮಾತ್ರ ಸ್ಟಾರ್ಟ್ ಮಾಡಬೇಡಿ, ಅದರ ಫ್ಯೂಸು ಹಾರುತ್ತದೆ.

ಇನ್ನೊಂದು ವಿಷಯ. ಬಿಡಿಭಾಗಗಳ ಮಾರಾಟದ ಬಗ್ಗೆ 14 ಕಾರು ಕಂಪನಿಗಳ ವಿರುದ್ಧ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಕೊಟ್ಟ ಆದೇಶದಲ್ಲಿ, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಕೂಡದು, ತಪ್ಪು ರಿಪೇರಿಯಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದಿತ್ತು. ಆ ಆದೇಶ ಮೇಲ್ಮನವಿಗೆ ಹೋಯಿತು. ಅದು ರಿಪೇರಿಯ ಕುರಿತದ್ದೇ ಹೊರತು ಆಕ್ಸೆಸರಿಯ ಕುರಿತದ್ದಲ್ಲ ಎಂಬುದೂ ನಿಜ. ಆದರೂ ವಾದದ ತಿರುಳು ನಿಮ್ಮ ಪ್ರಕರಣಕ್ಕೆ ಒಪ್ಪುತ್ತದೆ, ಪತ್ರದಲ್ಲಿ ಬರೆಯಿರಿ.

ಅಮೆರಿಕದಲ್ಲಿರುವ ಮಗ ಹೇಳುತ್ತಾನೆ, ಹೊರಗಿನ ಪಾರ್ಟಿನಿಂದಲೇ ಹಾಳಾಯಿತು ಎಂದು ಕಂಪನಿಯೇ ತೋರಿಸಬೇಕಂತೆ. ಇಲ್ಲೂ ಹಾಗೆಯೇ?
ಮೈಸೂರು

ನಿಮ್ಮ ಮಗ ಹೇಳುತ್ತಿರುವುದು 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯನ್ನು. ನಮ್ಮದೇ ಪಾರ್ಟು ಹಾಕಬೇಕು, ನಮ್ಮಲ್ಲೇ ಸರ್ವೀಸ್ ಮಾಡಿಸಬೇಕು ಎಂದು ವಾರಂಟಿಗೆ ಷರತ್ತು ಕಟ್ಟುವುದನ್ನು ಅದು ಅಲ್ಲಿ ತಡೆಯುತ್ತದೆ. ಅಲ್ಲೂ ಹೊರಗಿನ ಪಾರ್ಟಿನಿಂದಲೇ ಹಾನಿಯಾಗಿದ್ದರೆ ಕಂಪನಿ ಕೊಡಬೇಕಿಲ್ಲ. ಭಾರತದಲ್ಲಿ ಕಾರಿನ ವಾರಂಟಿಗೆಂದೇ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ನಮ್ಮ ಆಸರೆ ವಾರಂಟಿ ಪುಸ್ತಕದ ಪದಗಳು ಮತ್ತು 2019ರ ಗ್ರಾಹಕ ರಕ್ಷಣಾ ಕಾಯ್ದೆ. ಅಮೆರಿಕದ ಯೂಟ್ಯೂಬ್ ವಿಡಿಯೋ ನೋಡಿ ಇಲ್ಲಿ ವಾದಕ್ಕೆ ನಿಲ್ಲಬೇಡಿ.

ರಾತ್ರಿ ಶಿರಾಡಿ ಘಾಟಿಯಲ್ಲಿ ಓಡಾಡುವವನು. ಹೆಡ್‌ಲೈಟಿಗೆ 100/90 ವಾಟ್ ಬಲ್ಬ್ ಹಾಕಿಸಲೇ, ಎಲ್‌ಇಡಿ ಹಾಕಿಸಲೇ?
ಸಕಲೇಶಪುರ

ಎರಡೂ ಬೇಡ. ಕಾರಣ ಹೇಳುತ್ತೇವೆ.

ಎಚ್4 ಬಲ್ಬಿನ (ಹೈ, ಡಿಮ್ ಎರಡೂ ಒಂದರಲ್ಲೇ ಇರುವ ಬಲ್ಬು) ಮೂಲ ಅಳತೆ 60/55 ವಾಟ್. 12 ವೋಲ್ಟಿಗೆ ಒಂದು ಬಲ್ಬು 5 ಆಂಪಿಯರ್ ಎಳೆಯುತ್ತದೆ. 100 ವಾಟಿನದು 8.3 ಆಂಪಿಯರ್. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ಸಣ್ಣ ವೈರಿನಲ್ಲಿ ಶಾಖ ಸುಮಾರು 2.8 ಪಟ್ಟು. ಮೊದಲು ಬಲ್ಬ್ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕರಗುತ್ತದೆ, ರಿಫ್ಲೆಕ್ಟರಿನ ಹೊಳಪು ಹೋಗುತ್ತದೆ. ಈಚಿನ ಎಷ್ಟೋ ಕಾರುಗಳಲ್ಲಿ ಹೆಡ್‌ಲೈಟಿಗೆ ರಿಲೇಯೇ ಇಲ್ಲ. ಬಾಡಿ ಕಂಟ್ರೋಲ್ ಮಾಡ್ಯೂಲ್ ನೇರವಾಗಿ ಕರೆಂಟು ಕೊಡುತ್ತದೆ. ಅದು ಸುಟ್ಟರೆ ವಾರಂಟಿ ಕೊಡುವುದಿಲ್ಲ, ಇಲ್ಲಿ ಕಂಪನಿಯ ಮಾತೇ ನ್ಯಾಯ. ಕಾರಣ ಮತ್ತು ಪರಿಣಾಮ ಎರಡೂ ಎದುರಿಗೇ ಇವೆ.

ಹ್ಯಾಲೊಜೆನ್ ಡೂಮಿಗೆ ಎಲ್‌ಇಡಿ ಹಾಕಿದರೆ, ಬೆಳಕು ಹುಟ್ಟುವ ಜಾಗ ಫಿಲಮೆಂಟಿನ ಜಾಗಕ್ಕೆ ಸರಿಯಾಗಿ ಕೂರುವುದಿಲ್ಲ. ಗೋಡೆಯ ಮೇಲೆ ಬಿಟ್ಟು ನೋಡಿ, ಡಿಮ್‌ನ ಮೇಲಂಚಿನ ಗೆರೆ ಕದಡಿರುತ್ತದೆ. ಘಾಟಿಯ ತಿರುವಿನಲ್ಲಿ ಎದುರಿನ ಬಸ್ ಚಾಲಕನ ಕಣ್ಣು ಕುರುಡಾದರೆ ಅಪಾಯ ನಿಮಗೂ ಅಷ್ಟೇ.

ಮಾಡಬಹುದಾದ್ದು ಇಷ್ಟು. ಹಳೆಯ ಬಗೆಯ, ಸ್ವಿಚ್ಚಿನ ಮೂಲಕವೇ ಕರೆಂಟು ಹೋಗುವ ಕಾರಾದರೆ ಕಪ್ಲರ್ ಇರುವ ರಿಲೇ ಹಾರ್ನೆಸ್ ಹಾಕಿಸಿ, ಬಲ್ಬು ಮಾತ್ರ 60/55 ಇರಲಿ. ದಾರಿಯಲ್ಲಿ ಸೋರುತ್ತಿದ್ದ ವೋಲ್ಟೇಜು ಬಲ್ಬಿಗೆ ಸಿಗುವುದೇ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ. ಮಾಡ್ಯೂಲ್ ಇರುವ ಕಾರಾದರೆ ಒಳ್ಳೆಯ ಕಂಪನಿಯ ಅದೇ ವಾಟಿನ ಬಲ್ಬು, ಸ್ವಚ್ಛ ಗಾಜು, ಸರಿಯಾದ ಅಲೈನ್‌ಮೆಂಟು.

ಪೆಟ್ರೋಲ್ ಕಾರಿಗೆ ಒಂದು ವರ್ಷ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದರೆ ವಾರಂಟಿ ಪೂರ್ತಿ ಹೋಗುತ್ತದೆಯೇ? ಆರ್‌ಟಿಒ ಒಪ್ಪಿದ ಕಿಟ್ ಅಂತಾರೆ.
ಹುಬ್ಬಳ್ಳಿ

ಆರ್‌ಟಿಒ ಒಪ್ಪಿಗೆ ಒಂದು ವಿಷಯ, ವಾರಂಟಿ ಇನ್ನೊಂದು. ಎರಡನ್ನೂ ಬಿಡಿಸಿ ನೋಡಬೇಕು.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅನುಮೋದಿತ ಕಿಟ್‌ನಿಂದ ಇಂಧನ ಬದಲಿಸುವುದಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ. ಇನ್ನು 2019ರ ತಿದ್ದುಪಡಿ ಇದೇ ಕಲಮಿಗೆ ಒಂದು ಮಹತ್ವದ ಮಾತು ಸೇರಿಸಿತು: ಕೇಂದ್ರ ಸರ್ಕಾರ ನಿಯಮ ರೂಪಿಸಿ ಅವಕಾಶ ಕೊಟ್ಟ ಬದಲಾವಣೆಗಳಲ್ಲಿ, ಆ ಬದಲಾವಣೆಯ ಕಾರಣಕ್ಕೆ ತಯಾರಕರ ವಾರಂಟಿ ರದ್ದಾಯಿತೆಂದು ಭಾವಿಸತಕ್ಕದ್ದಲ್ಲ. ಇದು ಶೋರೂಮಿನವರಿಗೂ ಅನೇಕ ಸಲ ಗೊತ್ತಿರುವುದಿಲ್ಲ. ಪವರ್ ವಿಂಡೋ, ಸ್ಟೀರಿಂಗ್, ಎಸಿ ಇವುಗಳ ವಾರಂಟಿಯನ್ನು ಕಿಟ್ ತೋರಿಸಿ ನಿರಾಕರಿಸಿದರೆ ಈ ಕಲಂ ಮುಂದಿಡಿ.

ಆದರೆ ಎಂಜಿನ್ ವಿಷಯದಲ್ಲಿ ಈ ಕಲಂ ನಿಮ್ಮನ್ನು ಪೂರ್ತಿ ಕಾಯುತ್ತದೆ ಎಂದು ನಂಬಿ ಕೂರಬೇಡಿ. ಕಿಟ್‌ನಿಂದಲೇ ಹಾನಿಯಾಯಿತು ಎಂಬ ವಾದ ಅವರಿಗೆ ಉಳಿದೇ ಇದೆ, ತಾಂತ್ರಿಕವಾಗಿ ಅದಕ್ಕೆ ಆಧಾರವೂ ಇದೆ. ಪೆಟ್ರೋಲ್ ದ್ರವವಾಗಿ ಬಂದು ವಾಲ್ವ್‌ಗಳನ್ನು ಅಷ್ಟಿಷ್ಟು ತಣ್ಣಗಿಡುತ್ತದೆ. ಗ್ಯಾಸಿಗೆ ಆ ಗುಣವಿಲ್ಲ. ಎಕ್ಸಾಸ್ಟ್ ವಾಲ್ವ್‌ನ ಸೀಟು ನಿಧಾನವಾಗಿ ಸವೆದು ವಾಲ್ವ್ ಒಳಗೆ ಇಳಿಯುತ್ತದೆ, ಸಂದು ಮುಚ್ಚುತ್ತದೆ, ಕಂಪ್ರೆಷನ್ ಬೀಳುತ್ತದೆ. ಕಂಪನಿಯೇ ಸಿಎನ್‌ಜಿ ಕೊಡುವಾಗ ವಾಲ್ವ್ ಸೀಟು, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಹಿಂದಿನ ಸಸ್ಪೆನ್ಷನ್ ಇವುಗಳನ್ನು ಅದಕ್ಕೆ ತಕ್ಕಂತೆ ಮಾಡಿರುತ್ತದೆ. ನಿಮ್ಮ ಕಾರಿಗೆ ಅದಾಗಿಲ್ಲ. ಆದ್ದರಿಂದ ನಮ್ಮ ನೇರ ಅಭಿಪ್ರಾಯ: ಎಂಜಿನ್ ವಾರಂಟಿ ಮುಗಿಯುವವರೆಗೆ ತಡೆಯಿರಿ.

ತಡೆಯಲಾಗದಿದ್ದರೆ ಇಷ್ಟು ಮಾಡಿ. ಒಂದೇ ಕಡೆ ಗಾಳಿಗೆ ಗ್ಯಾಸ್ ಬೆರೆಸುವ ವೆಂಚುರಿ ಕಿಟ್ ಬೇಡವೇ ಬೇಡ, ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಗ್ಯಾಸ್ ಕೊಡುವ ಸೀಕ್ವೆನ್ಷಿಯಲ್ ಕಿಟ್ ಇರಲಿ. ಆ ಕಿಟ್ ನಿಮ್ಮದೇ ಮಾಡೆಲ್‌ಗೆ, ನಿಮ್ಮದೇ ಬಿಎಸ್-6 ಎಂಜಿನ್‌ಗೆ ಅನುಮೋದನೆ ಪಡೆದ ಪತ್ರ ಕೇಳಿ. "ಎಲ್ಲಾ ಕಾರಿಗೂ ಆಗುತ್ತೆ" ಎನ್ನುವವನ ಅಂಗಡಿಯಿಂದ ಎದ್ದು ಬನ್ನಿ. ಆರ್‌ಸಿಯಲ್ಲಿ ಇಂಧನ ಬದಲಾಗಬೇಕು, ವಿಮಾ ಪಾಲಿಸಿಯಲ್ಲಿ ಕಿಟ್‌ನ ಬೆಲೆ ಸೇರಬೇಕು. ಗ್ಯಾಸ್ ಸಿಲಿಂಡರನ್ನು 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಮಾಡಿಸಬೇಕು. ಸ್ಪಾರ್ಕ್ ಪ್ಲಗ್ ಮತ್ತು ವಾಲ್ವ್ ಸಂದನ್ನು ಪೆಟ್ರೋಲ್ ಕಾರಿಗಿಂತ ಬೇಗ ಬೇಗ ನೋಡಿಸಿ. ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕೆಳಗಿಳಿಸಬೇಡಿ. ಟ್ಯಾಂಕಿನೊಳಗಿನ ಪಂಪು ತಣ್ಣಗಿರುವುದು ಪೆಟ್ರೋಲಿನಿಂದಲೇ. ಗ್ಯಾಸಿನಲ್ಲೇ ಓಡಿಸಿ ಪಂಪು ಸುಟ್ಟುಕೊಂಡವರು ಬಹಳ ಮಂದಿ.

ಡೀಸೆಲ್ ಕಾರಿನ ಇಸಿಯು ರಿಮ್ಯಾಪ್ ಮಾಡಿಸಬೇಕೆಂದಿದ್ದೇನೆ. ಸರ್ವೀಸಿಗೆ ಹೋಗುವ ಮುಂಚೆ ಹಳೆಯ ಫೈಲ್ ಹಾಕಿಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನುತ್ತಾರೆ ಟ್ಯೂನರ್.
ಬೆಂಗಳೂರು

ಗೊತ್ತಾಗುತ್ತದೆ. ರಿಮ್ಯಾಪ್ ಎಂದರೆ ಶಕ್ತಿ ಹೆಚ್ಚಿಸಲು ಇಸಿಯು ಸಾಫ್ಟ್‌ವೇರ್ ಬದಲಿಸಿ ಬರೆಯುವುದು. ಎಷ್ಟೋ ಇಸಿಯುಗಳಲ್ಲಿ ಎಷ್ಟು ಸಲ ಹೀಗೆ ಬರೆಯಲಾಗಿದೆ ಎಂಬ ಲೆಕ್ಕವಿರುತ್ತದೆ. ಹಳೆಯ ಫೈಲ್ ಹಾಕಿದರೆ ಆ ಲೆಕ್ಕ ಇಳಿಯುವುದಿಲ್ಲ, ಇನ್ನೊಂದು ಏರುತ್ತದೆ. ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಲ್ಲಿ ಬದಲಾದ ಸಾಫ್ಟ್‌ವೇರ್ ಕಂಡರೆ ಕಂಪನಿಯ ದಾಖಲೆಯಲ್ಲಿ "ಟಿಡಿ1" ಎಂಬ ಗುರುತು ಬೀಳುತ್ತದೆ. ಅದು ಬಿದ್ದ ಮೇಲೆ ಎಂಜಿನ್, ಟರ್ಬೊ, ಗೇರ್‌ಬಾಕ್ಸ್ ಕ್ಲೇಮ್ ಮುಂದೆ ಸಾಗುವುದಿಲ್ಲ. ಡೀಸೆಲ್ ಒತ್ತಡ ಅಳೆಯುವ ರೈಲ್ ಪ್ರೆಷರ್ ಸೆನ್ಸರಿಗೆ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸ್ ಇಸಿಯು ಮುಟ್ಟುವುದಿಲ್ಲ ನಿಜ. ಅದು ಇಸಿಯುಗೆ ಸುಳ್ಳು ಒತ್ತಡ ತೋರಿಸಿ ನಿಜವಾದ ಒತ್ತಡ ಏರಿಸುತ್ತದೆ. ಇಂಜೆಕ್ಟರ್ ಮತ್ತು ಪಂಪಿನ ಸವೆತ ಮಾತ್ರ ಸುಳ್ಳು ಹೇಳುವುದಿಲ್ಲ.

250 ನ್ಯೂಟನ್ ಮೀಟರ್ ಟಾರ್ಕನ್ನು 320ಕ್ಕೆ ಏರಿಸಿದರೆ ಅದು ಶೇ. 28 ಹೆಚ್ಚು. ಕ್ಲಚ್ ಪ್ಲೇಟು ಅಷ್ಟೇ ದಪ್ಪ, ಡ್ಯುಯಲ್ ಮಾಸ್ ಫ್ಲೈವೀಲಿನ ಸ್ಪ್ರಿಂಗು ಅಷ್ಟೇ ಗಟ್ಟಿ. ನಾಲ್ಕನೇ ಗೇರಿನಲ್ಲಿ ಕಡಿಮೆ ವೇಗದಲ್ಲಿ ಪೂರ್ತಿ ತುಳಿದಾಗ ಮೊದಲು ಜಾರುವುದು ಕ್ಲಚ್. ಹೊಗೆಯ ಮಾಲಿನ್ಯ ತಗ್ಗಿಸುವ ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಅಥವಾ ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ವ್ಯವಸ್ಥೆ) ತೆಗೆಸುವ ಮಾತು ಬಂದರೆ ಅದು ವಾರಂಟಿಯ ಪ್ರಶ್ನೆಯೇ ಅಲ್ಲ, ಕಾನೂನಿನ ಪ್ರಶ್ನೆ. ಅನುಮತಿಯಿಲ್ಲದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ ಕಲಂ 182ಎ ಪ್ರಕಾರ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಮುಚ್ಚಿಟ್ಟು ವಾರಂಟಿ ಕೇಳುವುದು ಸರಿಯಲ್ಲ. ರಿಮ್ಯಾಪ್ ಮಾಡಿಸುವುದಾದರೆ ಎಂಜಿನ್ ಖರ್ಚು ಇನ್ನು ಮುಂದೆ ನಿಮ್ಮದೇ ಎಂದು ಒಪ್ಪಿಕೊಂಡು ಮಾಡಿಸಿ.

ಸ್ವಿಫ್ಟ್ ಕೆಳಗಿನ ಮಾಡೆಲ್. 165/80 ಆರ್14 ಟೈರು ತೆಗೆದು 16 ಇಂಚಿನ ಅಲಾಯ್, 205/55 ಟೈರು ಹಾಕಿಸಬಹುದೇ? ಜೆ.ಸಿ. ರಸ್ತೆಯಲ್ಲಿ ಆಗುತ್ತೆ ಎಂದರು.
ತುಮಕೂರು

ಕಾರಿಗೆ ಕೂರುತ್ತದೆ, ಆದರೆ ಕಾರು ಅದನ್ನು ಹೊರಬೇಕಲ್ಲ. ಲೆಕ್ಕ ಹಾಕೋಣ. ಟೈರಿನ ಅಗಲಕ್ಕೆ ಶೇಕಡಾವಾರು ಗುಣಿಸಿದರೆ ಗೋಡೆಯ ಎತ್ತರ. ಅದರ ಎರಡರಷ್ಟಕ್ಕೆ ರಿಮ್ಮಿನ ವ್ಯಾಸ ಸೇರಿಸಿದರೆ ಒಟ್ಟು ವ್ಯಾಸ. ನಿಮ್ಮ ಈಗಿನ ಟೈರು 619.6 ಮಿ.ಮೀ., ಹೊಸದು 631.9. ವ್ಯತ್ಯಾಸ ಶೇ. 2. ಮೀಟರ್ 100 ತೋರಿಸುವಾಗ ಮೊದಲಿಗಿಂತ ಸುಮಾರು 2 ಕಿ.ಮೀ. ಹೆಚ್ಚಿನ ವೇಗದಲ್ಲಿರುತ್ತೀರಿ, ಅದು ದೊಡ್ಡ ತಕರಾರಲ್ಲ. ತಕರಾರು ಇರುವುದು ಗೋಡೆಯಲ್ಲಿ. 132 ಮಿ.ಮೀ. ಇದ್ದ ರಬ್ಬರಿನ ಗೋಡೆ 113ಕ್ಕೆ ಇಳಿಯಿತು, ರಿಮ್ಮು ಭಾರವಾಯಿತು, 40 ಮಿ.ಮೀ. ಅಗಲ ಹೆಚ್ಚಾಯಿತು. ಗುಂಡಿಯ ಪೆಟ್ಟು ಈಗ ವೀಲ್ ಬೇರಿಂಗಿಗೆ, ಬಾಲ್ ಜಾಯಿಂಟಿಗೆ, ಸ್ಟೀರಿಂಗ್ ರ‍್ಯಾಕಿಗೆ. ಈ ಭಾಗಗಳ ಕ್ಲೇಮ್‌ಗಳನ್ನು ಶೋರೂಮ್ ತಿರಸ್ಕರಿಸಿದರೆ ವಾದಿಸುವುದು ಕಷ್ಟ.

ಇದೇ ಕಾರಿನ ಮೇಲಿನ ಮಾಡೆಲ್‌ಗೆ ಕಂಪನಿಯೇ 185/65 ಆರ್15 ಕೊಡುತ್ತದೆ. ಅದರ ವ್ಯಾಸ 621.5, ವ್ಯತ್ಯಾಸ ಎರಡು ಮಿ.ಮೀ.ಗೂ ಕಡಿಮೆ. ಅದನ್ನೇ ಹಾಕಿಸಿ. ರಿಮ್ ಹೊರಗಿನದಾದರೆ ಪಿಸಿಡಿ (ನಟ್ಟಿನ ತೂತುಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ) 4x100 ಸರಿಯಿದ್ದರಷ್ಟೇ ಸಾಲದು, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖದವರೆಗಿನ ದೂರ) ಕೂಡ ಮೂಲದಷ್ಟೇ ಇರಲಿ. ನಡುವಿನ ತೂತು 54.1 ಮಿ.ಮೀ.ಗೆ ಬಿಗಿಯಾಗಿ ಕೂರಬೇಕು. ಹೊರಗಿನ ರಿಮ್ಮುಗಳ ತೂತು ದೊಡ್ಡದಿರುತ್ತದೆ, ಆ ಸಂದು ತುಂಬುವ ಹಬ್ ರಿಂಗ್ ಹಾಕದಿದ್ದರೆ 80ರ ಮೇಲೆ ಸ್ಟೀರಿಂಗ್ ನಡುಗುತ್ತದೆ. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಅದು ಹೋಗದು. ರಿಮ್ಮಿಗೆ ಹೊಂದುವ ನಟ್ಟನ್ನೇ ಬಳಸಿ, ನೂರು ಕಿ.ಮೀ. ಆದ ಮೇಲೆ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿಸಿ. ಸ್ಪೇಸರ್ ಬೇಡ. ಹಳೆಯ ರಿಮ್ಮುಗಳನ್ನು ವಾರಂಟಿ ಮುಗಿಯುವವರೆಗೆ ಮಾರಬೇಡಿ.

ಮನೆ ಕಡಲಿನಿಂದ ಒಂದು ಕಿಲೋಮೀಟರ್. ಹೊರಗಡೆ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿದರೆ ತುಕ್ಕಿನ ವಾರಂಟಿ ಉಳಿಯುತ್ತದೆಯೇ?
ಕುಂದಾಪುರ

ಪುಸ್ತಕದಲ್ಲಿ ತುಕ್ಕಿನ ವಾರಂಟಿ ಎಂದಿದ್ದರೆ ಅದು ಸಾಮಾನ್ಯವಾಗಿ ತಗಡು ಒಳಗಿನಿಂದ ತೂತಾಗುವುದಕ್ಕೆ ಮಾತ್ರ. ಮೇಲ್ಮೈಯ ತುಕ್ಕಿಗಲ್ಲ. ಹೊರಗಿನ ಕೋಟಿಂಗ್ ಎರಡು ರೀತಿ ಕೆಡಿಸುತ್ತದೆ. ಬಾಗಿಲ ತಳದ, ಸಿಲ್‌ನ ನೀರು ಇಳಿಯುವ ತೂತುಗಳನ್ನು ಮುಚ್ಚಿಬಿಡುತ್ತಾರೆ, ಉಪ್ಪುನೀರು ಒಳಗೇ ನಿಲ್ಲುತ್ತದೆ. ಇಲ್ಲವೇ ಸರಿಯಾಗಿ ತೊಳೆದು ಒಣಗಿಸದೆ ಕೆಸರಿನ ಮೇಲೇ ಬಳಿಯುತ್ತಾರೆ, ಕರಿ ಪದರದ ಕೆಳಗೆ ತುಕ್ಕು ಆರಾಮವಾಗಿ ಬೆಳೆಯುತ್ತದೆ. ಮಾಡಿಸುವುದಾದರೆ ಮಳೆಗಾಲಕ್ಕೆ ಮುಂಚೆ, ಒಂದು ದಿನ ಪೂರ್ತಿ ಒಣಗಿಸಿ ಮಾಡಿಸಿ. ಸೈಲೆನ್ಸರ್, ಆಕ್ಸಿಜನ್ ಸೆನ್ಸರ್, ಡ್ರೈವ್‌ಶಾಫ್ಟಿನ ರಬ್ಬರ್ ಬೂಟು, ಬ್ರೇಕಿನ ಮೇಲೆ ಬೀಳಬಾರದು. ಶೋರೂಮಿನಲ್ಲೇ ಮಾಡಿಸಿ ಬಿಲ್ ಇಟ್ಟುಕೊಂಡರೆ ಆಮೇಲೆ ಅವರು ಇದನ್ನೇ ಕಾರಣ ಹೇಳಲಾರರು. ಮಡ್‌ಫ್ಲ್ಯಾಪಿಗೆಂದು ತಗಡಿಗೆ ಸ್ಕ್ರೂ ಕೊರೆಯುವುದು ಇದಕ್ಕಿಂತ ಕೆಟ್ಟದ್ದು. ಕೊರೆದಾಗಿದ್ದರೆ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಿ.

ಪತ್ನಿಯ ಎರಡೂ ಕಾಲಿಗೆ ಪೋಲಿಯೊ. ಆಟೊಮ್ಯಾಟಿಕ್ ಕಾರಿಗೆ ಕೈಯಿಂದ ನಡೆಸುವ ಕಿಟ್ ಹಾಕಿಸಬೇಕು. ವಾರಂಟಿಯ ಭಯ.
ದಾವಣಗೆರೆ

ಭಯ ಬೇಡ. ಅಂಗವಿಕಲರಿಗಾಗಿ ಮಾರ್ಪಡಿಸುವ ಅಡಾಪ್ಟೆಡ್ ವಾಹನಕ್ಕೆ 52ನೇ ಕಲಮಿನಲ್ಲೇ ಅವಕಾಶವಿದೆ, ಬದಲಾಯಿಸಿದ ಮೇಲೂ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಸೇರಿಸಬಹುದು. ಹುಬ್ಬಳ್ಳಿಯವರಿಗೆ ಹೇಳಿದ ವಾರಂಟಿಯ ಮಾತು ನಿಮಗೂ ಆಸರೆ.

ಕಿಟ್ ಆರಿಸುವಾಗ ಪೆಡಲ್‌ಗಳಿಗೆ ಕ್ಲ್ಯಾಂಪ್ ಆಗುವ, ದೂಡಿದರೆ ಬ್ರೇಕ್ ಎಳೆದರೆ ಆಕ್ಸಿಲರೇಟರ್ ಬಗೆಯ ಮೆಕ್ಯಾನಿಕಲ್ ಲಿವರ್ ತೆಗೆದುಕೊಳ್ಳಿ. ಎಲೆಕ್ಟ್ರಾನಿಕ್ ಕಿಟ್‌ಗಳು ಆಕ್ಸಿಲರೇಟರ್ ಸೆನ್ಸರಿನ ವೈರಿಗೆ ಕೈ ಹಾಕುತ್ತವೆ. ಅಲ್ಲಿ ಸುರಕ್ಷತೆಗೆಂದು ಎರಡು ಸಂಕೇತಗಳಿರುತ್ತವೆ. ಒಂದಕ್ಕೊಂದು ಹೊಂದದಿದ್ದರೆ ಕಾರು ತಾನೇ ವೇಗ ತಗ್ಗಿಸಿ ಲಿಂಪ್ ಮೋಡ್‌ಗೆ ಹೋಗುತ್ತದೆ. ಹೈವೇಯಲ್ಲಿ ಅದು ಆಗಬಾರದು. ಕ್ಲ್ಯಾಂಪ್ ಹಾಕಿದ ಮೇಲೆ 10 ಕಿ.ಮೀ. ಓಡಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಬಿಸಿ ಹೆಚ್ಚಿದ್ದರೆ ಲಿವರ್‌ನ ಭಾರಕ್ಕೆ ಬ್ರೇಕ್ ಅಂಟಿದೆ ಎಂದರ್ಥ, ರಾಡ್ ಉದ್ದ ಸರಿಪಡಿಸಿ. ಮೊಣಕಾಲ ಏರ್‌ಬ್ಯಾಗ್ ಇರುವ ಕಾರಾದರೆ ಅದರ ದಾರಿಗೆ ರಾಡ್ ಅಡ್ಡ ಬರಬಾರದು.

ವಾರಂಟಿ ಕೊಡಲ್ಲ ಅಂದುಬಿಟ್ಟಿದ್ದಾರೆ. ಮುಂದೇನು?
ಶಿವಮೊಗ್ಗ, ಕಲಬುರಗಿ, ಮತ್ತೂ ಹಲವರು

ಮೊದಲು ಮಾಡಬಾರದ್ದು: ಗಾಬರಿಯಲ್ಲಿ ಆಕ್ಸೆಸರಿ ಬಿಚ್ಚಿಸಬೇಡಿ. ಮುಚ್ಚಿಡುತ್ತಿದ್ದೀರಿ ಎಂದಾಗುತ್ತದೆ. ಇದ್ದಂತೆಯೇ ಫೋಟೋ, ವಿಡಿಯೋ ತೆಗೆಯಿರಿ.

ನಿರಾಕರಣೆಯನ್ನು ಜಾಬ್ ಕಾರ್ಡ್ ಮೇಲೆ ಬರೆಸಿಕೊಳ್ಳಿ: ಯಾವ ಭಾಗ ಕೆಟ್ಟಿದೆ, ಯಾವ ಬದಲಾವಣೆಯಿಂದ ಕೆಟ್ಟಿತು ಎನ್ನುತ್ತಾರೆ, ವಾರಂಟಿ ಪುಸ್ತಕದ ಯಾವ ಷರತ್ತು. ಬರೆದುಕೊಡದಿದ್ದರೆ ಅಂದೇ ಇಮೇಲ್ ಮಾಡಿ, "ಇಂದು ಹೀಗೆ ಹೇಳಿದಿರಿ, ತಪ್ಪಿದ್ದರೆ ತಿಳಿಸಿ" ಎಂದು. ಕಂಪನಿಯ ಕಸ್ಟಮರ್ ಕೇರಿಗೂ ಪ್ರತಿ ಇರಲಿ. ಕೆಟ್ಟ ಪಾರ್ಟನ್ನು ಬಿಸಾಡದಂತೆ ಬರಹದಲ್ಲಿ ಕೇಳಿ. ಹಣ ಕೊಟ್ಟು ರಿಪೇರಿ ಮಾಡಿಸಲೇಬೇಕಾದರೆ "ಆಕ್ಷೇಪದೊಂದಿಗೆ ಪಾವತಿ" ಎಂದು ಬಿಲ್ಲಿನ ಮೇಲೆ ಬರೆದು ಹಳೆಯ ಪಾರ್ಟು ಮನೆಗೆ ತನ್ನಿ.

15 ದಿನ ನೋಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಅಲ್ಲೇ ಆಗುತ್ತದೆ. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ಕಾರು ಕೊಂಡ ಊರಿಗೆ ಹೋಗಬೇಕಿಲ್ಲ, ನೀವಿರುವ ಜಿಲ್ಲೆಯಲ್ಲೇ ಹಾಕಬಹುದು, ವಕೀಲರು ಕಡ್ಡಾಯವಲ್ಲ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು. ದೋಷ ಪರೀಕ್ಷೆಯಿಲ್ಲದೆ ತಿಳಿಯದು ಎನಿಸಿದರೆ ಆಯೋಗ ಪಾರ್ಟನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಆ ಹಳೆಯ ಪಾರ್ಟು ಕೈಯಲ್ಲಿರಬೇಕು ಎಂದದ್ದು ಇದಕ್ಕೇ.

ಸೀಟ್ ಕವರ್ ಹಾಕಿಸಿದ ಮೇಲೆ ಏರ್‌ಬ್ಯಾಗ್ ಲೈಟ್ ಉರಿಯುತ್ತಿದೆ.
ವಿಜಯಪುರ

ಸೀಟು ಬಿಚ್ಚುವಾಗ ಕೆಳಗಿನ ಹಳದಿ ಕಪ್ಲರ್ ಕಳಚಿರುತ್ತಾರೆ, ಇಗ್ನಿಷನ್ ಆನ್ ಆದಾಗ ಅದು ಕೋಡ್ ಆಗಿ ಉಳಿದಿದೆ. ನೀವೇ ಕೈ ಹಾಕಬೇಡಿ. ಬ್ಯಾಟರಿಯ ನೆಗೆಟಿವ್ ತೆಗೆದು ಮ್ಯಾನ್ಯುವಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾದು ಕಪ್ಲರ್ ಕೂರಿಸಿ, ಸ್ಕ್ಯಾನರ್‌ನಿಂದ ಕೋಡ್ ಅಳಿಸಬೇಕು, ಸರ್ವೀಸ್ ಸೆಂಟರಿನಲ್ಲೇ ಮಾಡಿಸಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಪುಟ್ಟ ಚೀಟಿ ಹೊಲಿದಿದ್ದರೆ ಏರ್‌ಬ್ಯಾಗ್ ಇರುವುದು ಸೀಟಿನೊಳಗೇ. ಈಗಿನ ಕವರ್ ಆ ಬದಿಯನ್ನು ಪೂರ್ತಿ ಮುಚ್ಚಿದ್ದರೆ ಇವತ್ತೇ ತೆಗೆಸಿ. ಆ ಜಾಗ ತೆರೆದಿರುವ, ಇಲ್ಲವೇ ಅಲ್ಲಿ ಹರಿಯಲೆಂದೇ ದುರ್ಬಲ ದಾರದ ಹೊಲಿಗೆ ಹಾಕಿದ, ನಿಮ್ಮ ಮಾಡೆಲ್‌ಗೆಂದೇ ಮಾಡಿದ ಕವರ್ ಮಾತ್ರ ಹಾಕಿಸಿ.